ಆಕಾಶವಾಣಿಯೂ ನಮ್ಮ ಊರಿನ ಹಿತವೂ

(ಹಳ್ಳಿಯ ಸಭೆಗಳ ಸಂಜೆಕೂಟಗಳಲ್ಲಿ ಓದಿ ವಿಚಾರಿಸತಕ್ಕ ಪಾಠ)

ಓದತಕ್ಕ ವೇದಭಾಗಗಳು: ನೆಹೆಮೀಯ 8:1–18, ಅಪೊಸ್ತಲರ ಕೃತ್ಯಗಳು 17:10–12, ಯಾಕೋಬ 1:19–27.

ಪೀಠಿಕೆ

ಸೆರೆಯಿಂದ ಹಿಂದಿರುಗಿದ ಯೆಹೂದ್ಯರು ಯೆರೂಸಲೇಮಿನ ನೀರುಬಾಗಲಿನ ಮುಂದಣ ಬೈಲಿನಲ್ಲಿ ಒಂದು ಮುಂಜಾನೆ ಕೂಡಿಬಂದ ವೃತ್ತಾಂತವು ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಬರೆದಿರುವದು. ಎಜ್ರನು ಮರದ ಪೀಠದ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದ ವರೆಗೆ ಧರ್ಮಶಾಸ್ತ್ರವನ್ನು ಓದಿದನು; ಗಂಡಸರೂ ಹೆಂಗಸರೂ ತಿಳಿಯಬಲ್ಲವರೆಲ್ಲರೂ ಕಿವಿಗೊಟ್ಟು ಕೇಳಿದರು. ಆದರೆ ಓದಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಲೇವಿಯರು ಜನರಿಗೆ ಅರ್ಥವನ್ನು ಬಿಡಿಸಿ ತಿಳಿಸಿದರು. ಆ ದಿವಸ ಜನರು ತಾವು ಉಂಡದ್ದಲ್ಲದೆ, ಏನೂ ಇಲ್ಲದವರ ಮನೆಗೂ ಪಾಲನ್ನು ಕಳುಹಿಸಿದರು. ಮರುದಿವಸ ಹಿರಿಯರು ಮತ್ತೆ ಕೂಡಿ ವಿಚಾರಿಸಲು, ಜನರು ಬೆಟ್ಟಕ್ಕೆ ಹೋಗಿ ಕೊಂಬೆಗಳನ್ನು ತಂದು, ತಾವು ಕೇಳಿದ ಪ್ರಕಾರ ಪರ್ಣಶಾಲೆಗಳನ್ನು ಕಟ್ಟಿದರು.

ಕೂಡಿ ಕೇಳುವದು, ಅರ್ಥವನ್ನು ತಿಳಿಯುವದು, ಇಲ್ಲದವರಿಗೆ ಹಂಚುವದು, ಕೇಳಿದಂತೆ ನಡೆಯುವದು, ಈ ನಾಲ್ಕು ಹೆಜ್ಜೆಗಳನ್ನು ನಾವು ನೆನಪಿನಲ್ಲಿಡೋಣ. ಈ ಪಾಠದ ವಿಷಯವು ದೇವಾರಾಧನೆಯಲ್ಲ, ರೇಡಿಯೋ. ಸಭೆಯ ಪತ್ರಿಕೆಯಲ್ಲಿ ರೇಡಿಯೋವಿನ ಮಾತು ಯಾಕೆಂದು ಕೆಲವರು ಕೇಳಾರು. ದೇವರ ವಾಕ್ಯಕ್ಕೂ ಮನುಷ್ಯರ ವರ್ತಮಾನಕ್ಕೂ ಬಹಳ ಭೇದವುಂಟು, ನಿಜ. ಆದರೆ ಎರಡನ್ನೂ ಕೇಳುವ ಕಿವಿ ಒಂದೇ. ಮಳೆ, ಬೆಲೆ, ರೋಗ, ಶಾಲೆ, ಪಂಚಾಯತಿ ಎಂಬ ಸಂಗತಿಗಳಲ್ಲಿ ನಮ್ಮ ಊರಿನವರು ಏನನ್ನು ಕೇಳಿ ನಂಬುತ್ತಾರೋ ಅದರಿಂದ ಅವರಿಗೆ ಮೇಲಾಗಲಿ ಕೇಡಾಗಲಿ ಆಗುತ್ತದೆ. ಊರಿನ ಹಿತವನ್ನು ಹುಡುಕಬೇಕೆಂದು ಯೆರೆಮೀಯನು ಸೆರೆಯಲ್ಲಿದ್ದವರಿಗೆ ಬರೆದು ತಿಳಿಸಿದನು. ಆ ಕಟ್ಟಳೆ ನಮಗೂ ಉಂಟು. ಆದಕಾರಣ ಪೆಟ್ಟಿಗೆಯೊಳಗಿಂದ ಬರುವ ಆ ಧ್ವನಿಯು ಒಂದು ಹಳ್ಳಿಗೆ ಯಾವಾಗ ಉಪಕಾರ ಮಾಡುವದು, ಯಾವಾಗ ಬರೀ ಸದ್ದಾಗಿ ಹೋಗುವದು ಎಂಬದನ್ನು ವಿಚಾರಿಸೋಣ.

1. ಆಕಾಶದ ಅಲೆಗಳು ಯಾರ ಸೊತ್ತು?

ರೇಡಿಯೋ ನಿಲಯದಲ್ಲಿ ಆಡಿದ ಮಾತು ವಿದ್ಯುತ್ತಿನ ಅಲೆಗಳ ಮೇಲೆ ಏರಿ ನಮ್ಮ ಮನೆಗೆ ಬರುವದು. ಆ ಅಲೆಗಳು ಕಣ್ಣಿಗೆ ಕಾಣವು, ಗೋಡೆಗೆ ನಿಲ್ಲವು, ಬೇಲಿಯನ್ನು ಅರಿಯವು. ಮೀಡಿಯಂ ವೇವ್ ಎಂಬ ಉದ್ದ ಅಲೆಗಳು ನೆಲವನ್ನು ಅನುಸರಿಸಿ ಬಹುದೂರ ಹೋಗುತ್ತವೆ. ರಾತ್ರಿಯಲ್ಲಿ ಮೇಲಣ ವಾಯುಮಂಡಲಕ್ಕೆ ತಗಲಿ ಮರಳುವದರಿಂದ ಇನ್ನೂ ದೂರದ ಸೀಮೆಗಳನ್ನು ಮುಟ್ಟುತ್ತವೆ. ಎಫ್.ಎಂ. ಎಂಬ ಚಿಕ್ಕ ಅಲೆಗಳಾದರೋ ಹೆಚ್ಚು ಕಡಿಮೆ ನೆಟ್ಟಗೆ ಹೋಗುತ್ತವೆ. ನಡುವೆ ಗುಡ್ಡ ಬಂದರೆ ಕ್ಷೀಣವಾಗುತ್ತವೆ. ಆದರೆ ಧ್ವನಿಯು ಸ್ಪಷ್ಟವಾಗಿರುವದು, ಯಂತ್ರದ ಖರ್ಚು ಕಡಿಮೆ. ಹೀಗೆ ದೊಡ್ಡ ನಾಡಿಗೆ ಒಂದು ಬಗೆ, ಹತ್ತಾರು ಹಳ್ಳಿಗಳ ಒಂದು ಸುತ್ತಿಗೆ ಇನ್ನೊಂದು ಬಗೆ ಅನುಕೂಲವಾಗಿವೆ.

ಒಂದೇ ಸೀಮೆಯಲ್ಲಿ ಇಬ್ಬರು ಒಂದೇ ಅಲೆಯ ಮೇಲೆ ಮಾತಾಡಿದರೆ ಇಬ್ಬರ ಮಾತೂ ಕೆಡುವದು. ಆದ್ದರಿಂದ ಅಲೆಗಳನ್ನು ಹಂಚಿಕೊಡುವ ಅಧಿಕಾರವನ್ನು ಎಲ್ಲಾ ದೇಶಗಳಲ್ಲಿಯೂ ಸರಕಾರದವರು ಇಟ್ಟುಕೊಂಡಿದ್ದಾರೆ. ನಮ್ಮ ದೇಶದಲ್ಲಿ 1885ರ ಟೆಲಿಗ್ರಾಫ್ ಶಾಸನವೇ ಬಹುಕಾಲ ಇದಕ್ಕೆ ಆಧಾರವಾಗಿತ್ತು. ಆದರೆ ಹಂಚುವವನು ಒಡೆಯನಲ್ಲ. ಕೆರೆಯ ತೂಬನ್ನು ಎತ್ತುವವನು ನೀರುಗಂಟಿ. ಅದರಿಂದ ಕೆರೆ ಅವನದಾಗಲಿಲ್ಲ, ಅದು ಊರಿನದು. 1995ರ ಫೆಬ್ರವರಿ ತಿಂಗಳಲ್ಲಿ ನಮ್ಮ ದೇಶದ ಸುಪ್ರೀಂ ಕೋರ್ಟು ಇದೇ ಅಭಿಪ್ರಾಯವನ್ನು ತೀರ್ಪಿನಲ್ಲಿ ಸ್ಥಾಪಿಸಿತು. ಆಕಾಶದ ಅಲೆಗಳು ಸಾರ್ವಜನಿಕ ಸೊತ್ತು, ಅವನ್ನು ಸಾರ್ವಜನಿಕರ ಹಿತಕ್ಕಾಗಿಯೇ ಉಪಯೋಗಿಸಬೇಕು ಎಂಬದು ಅದರ ಸಾರಾಂಶ.

ಈ ವಿಚಾರವು ಇಂಗ್ಲೆಂಡಿನಲ್ಲಿ ಮೊದಲೇ ಬೇರೂರಿತ್ತು. 1922ರಲ್ಲಿ ವ್ಯಾಪಾರಿಗಳ ಒಂದು ಕಂಪೆನಿಯಾಗಿ ಹುಟ್ಟಿದ ಬಿ.ಬಿ.ಸಿ. 1927ರಲ್ಲಿ ಸಾರ್ವಜನಿಕ ಸಂಸ್ಥೆಯಾಯಿತು. ಅದನ್ನು ನಡಿಸಿದ ಜಾನ್ ರೀತ್ ಎಂಬವರು ಸ್ಕಾಟ್ಲೆಂಡಿನ ಸಭಾಪಾಲಕರೊಬ್ಬರ ಮಗನು. ಜನರಿಗೆ ವರ್ತಮಾನವನ್ನು ತಿಳಿಸುವದು, ವಿದ್ಯೆಯನ್ನು ಕಲಿಸುವದು, ವಿನೋದಪಡಿಸುವದು ಎಂಬ ಮೂರು ಕೆಲಸಗಳೂ ಲಾಭಕ್ಕಾಗಿ ಅಲ್ಲ, ಸೇವೆಗಾಗಿ ನಡೆಯಬೇಕೆಂದು ಅವರು ಹಟಹಿಡಿದರು. ನಮ್ಮ ಆಕಾಶವಾಣಿಯ ಧ್ಯೇಯವಾಕ್ಯಕ್ಕೂ ಬಹುಜನರ ಹಿತ, ಬಹುಜನರ ಸುಖ ಎಂಬದೇ ಅರ್ಥ.

2. ನಮ್ಮ ನಾಡಿನಲ್ಲಿ ಇದು ಹುಟ್ಟಿದ ಬಗೆ

ಭಾರತದಲ್ಲಿ ಕ್ರಮವಾದ ರೇಡಿಯೋ ಕಾರ್ಯವು 1927ರಲ್ಲಿ ಮುಂಬಯಿ ಕಲಕತ್ತೆಗಳಲ್ಲಿ ಒಂದು ಖಾಸಗಿ ಕಂಪೆನಿಯಿಂದ ಆರಂಭವಾಯಿತು. ಮೂರು ವರ್ಷ ತುಂಬುವದರೊಳಗೆ ಆ ಕಂಪೆನಿ ದಿವಾಳಿಯಾಗಲು, 1930ರಲ್ಲಿ ಸರಕಾರದವರು ಅದನ್ನು ವಹಿಸಿಕೊಂಡರು. ಆ ಮೊದಲ ದಿನಗಳಲ್ಲಿ ಕ್ರೈಸ್ತ ಸಂಸ್ಥೆಗಳವರೂ ಸುಮ್ಮನಿರಲಿಲ್ಲ. ಲಾಹೋರಿನಲ್ಲಿ ವೈ.ಎಂ.ಸಿ.ಎ. ಸಂಘದವರು 1928ರಲ್ಲಿ ಒಂದು ಚಿಕ್ಕ ನಿಲಯವನ್ನು ನಡಿಸಿದರು. ಮಿಶನರಿಯಾದ ಸ್ಯಾಮ್ ಹಿಗ್ಗಿನ್‌ಬಾಟಮ್ ದೊರೆಗಳು ಅಲಹಾಬಾದಿನ ಬಳಿಯ ನೈನಿಯಲ್ಲಿ ಸ್ಥಾಪಿಸಿದ ಕೃಷಿವಿದ್ಯಾಲಯದವರು 1930ರ ದಶಕದಲ್ಲಿ ಸುತ್ತಣ ಹಳ್ಳಿಗಳಿಗಾಗಿ ಪ್ರಸಾರಗಳನ್ನು ಮಾಡಿದರು. ಮಣ್ಣಿನ ಸಂಗತಿಯನ್ನು ರೈತನಿಗೆ ತಿಳಿಸುವದೂ ಪ್ರೀತಿಯ ಕೆಲಸವೇ ಎಂದು ಅವರು ಅರಿತಿದ್ದರು.

ಕನ್ನಡ ನಾಡಿನಲ್ಲಿ ಈ ಕೆಲಸವು ಸರಕಾರದ ಕಚೇರಿಯಲ್ಲಿ ಅಲ್ಲ, ಒಬ್ಬ ಉಪಾಧ್ಯಾಯರ ಮನೆಯಲ್ಲಿ ಹುಟ್ಟಿತು. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರವನ್ನು ಕಲಿಸುತ್ತಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಗಳು 1935ರ ಸೆಪ್ಟೆಂಬರ್ ತಿಂಗಳಲ್ಲಿ ತಮ್ಮ ಮನೆಯಾದ ವಿಠ್ಠಲ ವಿಹಾರದಲ್ಲಿ ಒಂದು ಪುಟ್ಟ ಯಂತ್ರವನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ಅದರ ಶಕ್ತಿಯು ಮನೆಯ ಒಂದು ವಿದ್ಯುದ್ದೀಪಕ್ಕೆ ಸಾಲುವಷ್ಟು ಮಾತ್ರ. ಸುಮಾರು ಆರು ವರ್ಷ ಅವರು ಈ ಭಾರವನ್ನು ಹೊತ್ತ ಮೇಲೆ ಮೈಸೂರು ಸಂಸ್ಥಾನದವರು ಅದನ್ನು ವಹಿಸಿಕೊಂಡರು. ಆ ಮನೆಯ ನಿಲಯಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರನ್ನೇ 1950ರ ದಶಕದಲ್ಲಿ ಇಡೀ ದೇಶದ ರೇಡಿಯೋ ಸಂಸ್ಥೆಯು ತನ್ನದಾಗಿ ಮಾಡಿಕೊಂಡಿತು. ಧಾರವಾಡದ ನಿಲಯವು 1950ರ ಜನವರಿ 8ರಂದು ತೆರೆಯಿತು. ಮುಂದೆ ಬೆಂಗಳೂರು, ಭದ್ರಾವತಿ, ಕಲಬುರಗಿ, ಮಂಗಳೂರುಗಳಿಗೂ ನಿಲಯಗಳು ಬಂದವು.

ಈ ನಿಲಯಗಳಿಂದ ರೈತರಿಗೆ ಉಪಯೋಗವಾಯಿತೋ ಎಂದು ಕೇಳಿದರೆ, ನೆರೆಯ ತಮಿಳು ನಾಡಿನ ಒಂದು ಸಂಗತಿ ಸಾಕು. 1960ರ ದಶಕದಲ್ಲಿ ತಂಜಾವೂರು ಸೀಮೆಗೆ ಎ.ಡಿ.ಟಿ. 27 ಎಂಬ ಹೊಸ ಭತ್ತದ ತಳಿ ಬಂದಾಗ, ಅದರ ಬೇಸಾಯದ ಕ್ರಮವನ್ನು ತಿರುಚಿನಾಪಳ್ಳಿಯ ನಿಲಯದವರು ಎಡೆಬಿಡದೆ ತಿಳಿಸಿದರು. ರೈತರು ಆ ಭತ್ತಕ್ಕೆ ಇಲಾಖೆಯವರ ಹೆಸರನ್ನು ಬಿಟ್ಟು ರೇಡಿಯೋ ಭತ್ತವೆಂದೇ ಕರೆದರು.

3. ಪುಣೆಯ ಹಳ್ಳಿಗಳಲ್ಲಿ ಕಂಡ ಸತ್ಯ

ರೇಡಿಯೋ ಪೆಟ್ಟಿಗೆಯು ಊರಿಗೆ ಬಂದದ್ದೇ ಸಾಕೋ, ಅಥವಾ ಜನರೂ ಏನಾದರೂ ಮಾಡಬೇಕೋ? ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವು 1956ರಲ್ಲಿ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ದೊರೆಯಿತು.

ಇದರ ಬೀಜವು ಕೆನಡಾ ದೇಶದಿಂದ ಬಂದದ್ದು. ಅಲ್ಲಿ 1941ರಿಂದ 1965ರ ವರೆಗೆ ರೈತರ ರೇಡಿಯೋ ಕೂಟಗಳೆಂಬವು ನಡೆದವು. ಚಳಿಗಾಲದ ಸೋಮವಾರ ಸಂಜೆ ನೆರೆಹೊರೆಯವರು ಯಾರಾದರೊಬ್ಬರ ಮನೆಯಲ್ಲಿ ಕೂಡಿ, ಮುಂದಾಗಿ ಬಂದ ಕಾಗದವನ್ನು ಓದಿ, ಪ್ರಸಾರವನ್ನು ಕೇಳಿ, ತಮ್ಮೊಳಗೆ ಚರ್ಚಿಸಿ, ಅಭಿಪ್ರಾಯವನ್ನು ಬರೆದು ಕಳುಹಿಸುತ್ತಿದ್ದರು. ಓದುವದು, ಕೇಳುವದು, ಚರ್ಚಿಸುವದು, ಮಾಡುವದು ಎಂಬ ನಾಲ್ಕೇ ಅವರ ಸೂತ್ರ. ನೀರುಬಾಗಲಿನ ಬೈಲಿನಲ್ಲಿ ನಾವು ಕಂಡ ನಾಲ್ಕು ಹೆಜ್ಜೆಗಳಿಗೆ ಇವು ಎಷ್ಟು ಸಮೀಪವಾಗಿವೆ ಎಂಬದನ್ನು ನೋಡಿರಿ.

ಯುನೆಸ್ಕೋ ಸಂಸ್ಥೆಯ ಸಹಾಯದಿಂದ ಆಕಾಶವಾಣಿಯವರು ಇದೇ ಕ್ರಮವನ್ನು ಮುಂಬಯಿ ರಾಜ್ಯದ ಐದು ಜಿಲ್ಲೆಗಳಲ್ಲಿ ಪರೀಕ್ಷಿಸಿದರು. ಆಗ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳೂ ಅದೇ ರಾಜ್ಯಕ್ಕೆ ಸೇರಿದ್ದವು. ಪರೀಕ್ಷೆಯು ಮಾತ್ರ ಮರಾಠಿ ಸೀಮೆಯಲ್ಲಿ ನಡೆಯಿತು. ಸುಮಾರು 150 ಹಳ್ಳಿಗಳಲ್ಲಿ ಕೂಟಗಳನ್ನು ಕಟ್ಟಿದರು. ವಾರಕ್ಕೆ ಎರಡು ಸಂಜೆ ಅರ್ಧ ಗಂಟೆಯ ಪ್ರಸಾರ, ಹೀಗೆ ಒಟ್ಟು 20 ಪ್ರಸಾರಗಳು. ಪ್ರತಿ ಕೂಟದಲ್ಲಿ ಸುಮಾರು ಇಪ್ಪತ್ತು ಮಂದಿ; ಅವರಿಗೊಬ್ಬ ಅಧ್ಯಕ್ಷನು, ಬರೆದುಕೊಳ್ಳುವದಕ್ಕೆ ಒಬ್ಬ ಕಾರ್ಯದರ್ಶಿ. ಪ್ರಸಾರವು ಮುಗಿದ ಮೇಲೆ ಪೆಟ್ಟಿಗೆಯನ್ನು ನಿಲ್ಲಿಸಿ, ಈ ಮಾತು ನಮ್ಮೂರಿಗೆ ಸಲ್ಲುವದೋ, ಸಲ್ಲುವದಾದರೆ ಯಾರು ಏನು ಮಾಡಬೇಕು ಎಂದು ವಿಚಾರಿಸುತ್ತಿದ್ದರು. ಸಂದೇಹಗಳನ್ನು ಬರೆದು ನಿಲಯಕ್ಕೆ ಕಳುಹಿಸಿದರೆ, ಮುಂದಿನ ಪ್ರಸಾರಗಳಲ್ಲಿ ಅವಕ್ಕೆ ಉತ್ತರ ಬರುತ್ತಿತ್ತು.

ಪಾಲ್ ನ್ಯೂರಾತ್ ಎಂಬ ಪಂಡಿತರೂ ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯವರೂ ಮೂರು ಬಗೆಯ ಹಳ್ಳಿಗಳನ್ನು ಹೋಲಿಸಿ ನೋಡಿದರು: ಕೂಟವಿದ್ದ ಹಳ್ಳಿ, ರೇಡಿಯೋ ಇದ್ದು ಕೂಟವಿಲ್ಲದ ಹಳ್ಳಿ, ಎರಡೂ ಇಲ್ಲದ ಹಳ್ಳಿ. ಕೂಟವಿದ್ದಲ್ಲಿ ಜನರ ತಿಳುವಳಿಕೆ ಬಹಳವಾಗಿ ಹೆಚ್ಚಿತು. ರೇಡಿಯೋ ಇದ್ದು ಕೂಟವಿಲ್ಲದಲ್ಲಿ ಅಂಥ ವೃದ್ಧಿಯು ಕಾಣಲಿಲ್ಲ. ಪೆಟ್ಟಿಗೆಯೇ ಇಲ್ಲದ ಊರಿಗಿಂತ ಅದು ಬಹಳ ಮುಂದೆ ಹೋಗಿರಲಿಲ್ಲ. ಪ್ರಿಯರೇ, ಇದನ್ನು ಎರಡು ಸಾರಿ ಓದಿರಿ. ಧ್ವನಿ ಒಂದೇ, ಪೆಟ್ಟಿಗೆ ಒಂದೇ, ಭೇದವೆಲ್ಲಾ ಕೇಳುವವರಲ್ಲಿ. ಕನ್ನಡಿಯಲ್ಲಿ ಮುಖವನ್ನು ನೋಡಿ, ಆಚೆಗೆ ಹೋದ ಕೂಡಲೆ ಮರೆತುಬಿಡುವವನ ದೃಷ್ಟಾಂತವನ್ನು ಯಾಕೋಬನು ನಮ್ಮ ಮುಂದೆ ಇಟ್ಟಿದ್ದಾನಲ್ಲಾ. ಒಂಟಿಯಾಗಿ ಕೇಳಿ ಮರೆಯುವವನು ಅವನೇ.

4. ಎಣ್ಣೆ ತೀರಿದ ದೀಪಗಳು, ಜಗಲಿಯ ಹೊರಗೆ ನಿಂತವರು

ಪುಣೆಯ ಪರೀಕ್ಷೆಯು ಸಫಲವಾದ ಕಾರಣ 1959ರಲ್ಲಿ ಈ ಕೂಟಗಳನ್ನು ದೇಶದ ಎಲ್ಲಾ ಕಡೆಗೆ ಹಬ್ಬಿಸಿದರು. ಸಾವಿರಾರು ಹಳ್ಳಿಗಳಲ್ಲಿ ಹೆಸರಿಗೆ ಕೂಟಗಳಾದವು. ಆದರೆ ಮೊದಲಿನ ಸತ್ವವು ಉಳಿಯಲಿಲ್ಲ. ಬ್ಯಾಟರಿ ತೀರಿದ ಪೆಟ್ಟಿಗೆಗಳು ಹಾಗೆಯೇ ಕುಳಿತವು. ಕೆಟ್ಟದ್ದನ್ನು ದುರಸ್ತುಮಾಡುವವರು ದೊರೆಯಲಿಲ್ಲ. ಕೂಟವನ್ನು ಕರೆಯತಕ್ಕವರು ಬೇಸತ್ತರು. ಹತ್ತು ಮಂದಿ ಕನ್ನಿಕೆಯರಲ್ಲಿ ಐದು ಮಂದಿಯ ಕೈಯಲ್ಲಿ ದೀಪಗಳೇನೋ ಇದ್ದವು, ಎಣ್ಣೆ ಇರಲಿಲ್ಲ. ಸರಕಾರವು ದೀಪವನ್ನು ಕೊಡಬಹುದು. ಎಣ್ಣೆಯನ್ನು ದಿನ ದಿನವೂ ತುಂಬಿಸತಕ್ಕವರು ಆ ಊರಿನವರೇ.

ಇನ್ನೊಂದು ಕೊರತೆಯು ಇದಕ್ಕಿಂತ ಹಳೆಯದು, ನಮ್ಮ ಸಭೆಯ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದದ್ದು. ಊರಿನ ರೇಡಿಯೋ ಪೆಟ್ಟಿಗೆ ಎಲ್ಲಿರುತ್ತಿತ್ತು? ಚಾವಡಿಯಲ್ಲಿ, ಇಲ್ಲವೆ ಊರ ಮುಖ್ಯಸ್ಥರ ಮನೆಯಲ್ಲಿ. ಆ ಜಗಲಿಯನ್ನು ಏರಲು ಯಾರಿಗೆ ಅಪ್ಪಣೆ ಇರಲಿಲ್ಲವೋ ಅವರು ಅಂಗಳದ ಆಚೆ ನಿಂತು ಕೇಳಿದಷ್ಟೇ ಬಂತು. ಚರ್ಚೆಯಲ್ಲಿ ಬಾಯಿ ತೆರೆಯುವದಂತೂ ದೂರವೇ ಉಳಿಯಿತು. ಹೆಂಗಸರಿಗೆ ಆ ಹೊತ್ತಿನಲ್ಲಿ ಒಲೆಯ ಕೆಲಸ. ಅಲೆಗಳಿಗೆ ಬೇಲಿಯಿಲ್ಲ, ನಿಜ. ಆದರೆ ಪೆಟ್ಟಿಗೆಯನ್ನು ಇಟ್ಟ ಮನೆಗೆ ಹೊಸ್ತಿಲುಂಟು. ಹೀಗೆ ಬಹುಜನರ ಹಿತಕ್ಕಾಗಿ ಹೊರಟ ಧ್ವನಿಯು ಕೆಲವರ ಜಗಲಿಯಲ್ಲಿಯೇ ನಿಂತುಹೋಗುವ ಅಪಾಯವು ಯಾವಾಗಲೂ ಇದ್ದದ್ದೇ.

5. ಬೂದಿಕೋಟೆಯೂ ಪಸ್ತಾಪುರವೂ

ಈ ಕೊರತೆಯನ್ನು ನೀಗಿಸುವ ದಾರಿಯನ್ನು ನಮ್ಮ ಕಾಲದಲ್ಲಿ ಬಡ ಹೆಂಗಸರೇ ತೋರಿಸಿದ್ದಾರೆ.

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ ಮೈರಾಡಾ, ವಾಯ್ಸಸ್ ಎಂಬ ಸಂಸ್ಥೆಗಳೂ ಯುನೆಸ್ಕೋದವರೂ ಕೂಡಿ ಊರಿನ ಜನರಿಗೆ ಧ್ವನಿಮುದ್ರಣದ ಕೆಲಸವನ್ನು ಕಲಿಸಿದರು. ಹೆಂಗಸರ ಸ್ವಸಹಾಯ ಸಂಘಗಳವರೂ ಅಲ್ಲಿಯ ಯುವಕರೂ ತಮ್ಮ ಮಾತಿನಲ್ಲಿಯೇ ಪ್ರಸಂಗಗಳನ್ನು ಸಿದ್ಧಮಾಡಿದರು. ಆದರೆ ಆಗಿನ ನಿಯಮಗಳ ಪ್ರಕಾರ ಊರಿನವರಿಗೆ ಆಕಾಶದ ಅಲೆಗಳನ್ನು ಉಪಯೋಗಿಸಲು ಅಪ್ಪಣೆ ಇರಲಿಲ್ಲ. ಅವರು ಕೈಕಟ್ಟಿ ಕೂರಲಿಲ್ಲ. 2003ರಲ್ಲಿ ದೂರದರ್ಶನದ ತಂತಿಗಳ ಮೂಲಕವೇ ತಮ್ಮ ಧ್ವನಿಯನ್ನು ಮನೆಗಳಿಗೆ ಕಳುಹಿಸಿದರು. ಅದಕ್ಕೆ ನಮ್ಮ ಧ್ವನಿ ಎಂದು ಹೆಸರಿಟ್ಟರು. ಆಕಾಶದ ದಾರಿ ಮುಚ್ಚಿದ್ದರೆ ತಂತಿಯ ದಾರಿಯಾದರೂ ಸರಿ ಎಂದ ಆ ಜನರ ಹಟವು ಮೆಚ್ಚತಕ್ಕದ್ದು.

ಬೀದರ ಸೀಮೆಯ ನಮ್ಮ ಸಭೆಗಳಿಗೆ ಸಮೀಪವಾದ ಜಹೀರಾಬಾದಿನ ಬಳಿ ಪಸ್ತಾಪುರವೆಂಬ ಊರುಂಟು. ಅದು ತೆಲುಗು ಸೀಮೆ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯೊಂದಿಗೆ ಕೂಡಿದ ದಲಿತ ಹೆಂಗಸರ ಸಂಘಗಳವರು, ಸ್ವಂತ ನಿಲಯಕ್ಕೆ ಅಪ್ಪಣೆ ದೊರೆಯುವದಕ್ಕೆ ಸುಮಾರು ಹತ್ತು ವರ್ಷ ಮೊದಲೇ, ತಮ್ಮ ಮಾತುಗಳನ್ನು ಟೇಪುಗಳಲ್ಲಿ ಹಿಡಿದು ಸಂಘದ ಕೂಟಗಳಲ್ಲಿ ಕೇಳಿಸುತ್ತಿದ್ದರು. ಬಿತ್ತನೆಯ ಬೀಜವನ್ನು ಕಾಪಾಡುವ ಬಗೆ, ನವಣೆ ಸಜ್ಜೆ ಜೋಳಗಳ ಬೇಸಾಯ, ಮನೆಮದ್ದು, ಹಾಡು, ಹಬ್ಬ, ಕೂಲಿಯ ಕಷ್ಟ ಇವೇ ಅವರ ವಿಷಯಗಳು. 2006ರ ನವೆಂಬರಿನಲ್ಲಿ ಸರಕಾರವು ನಿಯಮವನ್ನು ಸಡಿಲಿಸಿ, ಲಾಭವನ್ನು ಹುಡುಕದ ಸಂಸ್ಥೆಗಳಿಗೂ ಚಿಕ್ಕ ನಿಲಯಗಳನ್ನು ನಡಿಸಲು ಅವಕಾಶ ಕೊಟ್ಟಿತು. 2008ರ ಅಕ್ಟೋಬರ್ 15ರಂದು ಅವರ ಸಂಘಂ ರೇಡಿಯೋ ಆರಂಭವಾಯಿತು. ಅದನ್ನು ತೆರೆದವರು ಯಾರೆಂದರೆ, ಅಲೆಗಳು ಸಾರ್ವಜನಿಕರ ಸೊತ್ತೆಂದು 1995ರಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಪಿ. ಬಿ. ಸಾವಂತರೇ. ಜಗಲಿಯ ಹೊರಗೆ ನಿಂತು ಕೇಳಿದವರ ಹೆಣ್ಣುಮಕ್ಕಳು ಆ ದಿವಸ ಯಂತ್ರದ ಮುಂದೆ ಕುಳಿತು ಮಾತಾಡಿದರು, ಊರೆಲ್ಲಾ ಕೇಳಿತು.

ಇಂಥ ಸಮುದಾಯ ನಿಲಯಗಳಿಗೆ ಸಾಮಾನ್ಯವಾಗಿ 100 ವ್ಯಾಟ್ ಶಕ್ತಿಯ ಮಿತಿಯುಂಟು. ಧ್ವನಿಯು ಕೆಲವು ಹರದಾರಿಗಳ ಸುತ್ತಿಗೆ ಮಾತ್ರ ಮುಟ್ಟುವದು. ಪ್ರಸಂಗಗಳಲ್ಲಿ ಅರ್ಧಕ್ಕೆ ಕಡಿಮೆಯಾಗದಷ್ಟು ಆ ಊರುಗಳಲ್ಲಿಯೇ, ಆ ಜನರಿಂದಲೇ ಸಿದ್ಧವಾಗಬೇಕೆಂದು ನಿಯಮವು ಹೇಳುತ್ತದೆ. ಚಿಕ್ಕದಾಗಿರುವದೇ ಇವುಗಳ ಬಲ. ದೊಡ್ಡ ನಿಲಯವು ನಾಡಿಗೆಲ್ಲಾ ಮಳೆಯ ಮುನ್ಸೂಚನೆಯನ್ನು ತಿಳಿಸಬಲ್ಲದು. ನಮ್ಮ ಹಳ್ಳದ ಸೇತುವೆ ಮುಳುಗಿತೆಂದು ಹೇಳಬಲ್ಲದ್ದು ಚಿಕ್ಕದೇ. ಎರಡೂ ಬೇಕು. 2024ರ ಹೊತ್ತಿಗೆ ದೇಶದಲ್ಲಿ ಇಂಥ ನಿಲಯಗಳು ಸುಮಾರು 500 ಆಗಿದ್ದವು. ನಮ್ಮ ನಾಡಿನಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೂ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನವರೂ ಇಂಥವನ್ನು ಸ್ಥಾಪಿಸಿದರು.

6. ನಂಬತಕ್ಕ ಧ್ವನಿ ಇಲ್ಲದಿದ್ದರೆ ಏನಾಗುವದು?

ಈಗ ಪ್ರತಿ ಮನೆಯಲ್ಲಿಯೂ ಫೋನು ಇದೆ, ರೇಡಿಯೋ ಯಾತಕ್ಕೆ ಎಂದು ಯೌವನಸ್ಥರು ಕೇಳುತ್ತಾರೆ. ಇದಕ್ಕೆ ದುಃಖಕರವಾದ ಒಂದು ಉತ್ತರವುಂಟು. 2018ರ ಜುಲೈ ತಿಂಗಳಲ್ಲಿ ನಮ್ಮ ಬೀದರ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ವರ್ತಮಾನವು ಫೋನಿನಿಂದ ಫೋನಿಗೆ ಹಾರಿತು. ಅದನ್ನು ನಂಬಿದ ಜನರು ಗುಂಪುಕೂಡಿ, ನಿರಪರಾಧಿಯಾದ ಒಬ್ಬ ಪರಸ್ಥಳದ ಯುವಕನನ್ನು ಹೊಡೆದು ಕೊಂದರು. ಅವನ ಸಂಗಡಿಗರು ಗಾಯಗೊಂಡರು. ಮಕ್ಕಳಿಗೆ ಮಿಠಾಯಿ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಯಿತೆಂದು ವರ್ತಮಾನಪತ್ರಗಳಲ್ಲಿ ಬಂತು. ಆ ಸುಳ್ಳನ್ನು ಮೊದಲು ಆಡಿದವನಿಗೆ ಹೆಸರಿಲ್ಲ, ಮುಖವಿಲ್ಲ, ಲೆಕ್ಕ ಕೇಳುವವರಿಲ್ಲ. ಕಳುಹಿಸಿದ ಪ್ರತಿಯೊಬ್ಬನೂ ತಾನು ಬರೇ ಮುಂದಕ್ಕೆ ದಾಟಿಸಿದೆನೆಂದು ಹೇಳಿಕೊಂಡಾನು. ಆದರೆ ನೆರೆಯವನ ಮೇಲೆ ಸುಳ್ಳುಸಾಕ್ಷಿಯನ್ನು ಹೊರಿಸಬಾರದೆಂಬ ಒಂಬತ್ತನೆಯ ಆಜ್ಞೆಯಲ್ಲಿ, ದಾಟಿಸಿದವನಿಗೆ ವಿನಾಯಿತಿ ಇದೆಯೇ?

ಸಾರ್ವಜನಿಕ ನಿಲಯದಲ್ಲಿ ಮಾತಾಡುವವನಿಗೆ ಹೆಸರುಂಟು. ಅವನ ಮಾತನ್ನು ಮೊದಲು ನೋಡಿ ತಿದ್ದುವವರುಂಟು. ತಪ್ಪಿದರೆ ಕೇಳುವದಕ್ಕೆ ವಿಳಾಸವುಂಟು. ಸುದ್ದಿಯು ವೇಗವಾಗಿ ಹಾರುವ ಈ ಕಾಲದಲ್ಲಿ, ನಿಧಾನಿಸಿ ವಿಚಾರಿಸಿ ಹೇಳುವ ಒಂದು ಧ್ವನಿಯು ಪ್ರತಿ ಸೀಮೆಗೂ ಬೇಕಾಗಿದೆ. ಅದು ಎಂದಿಗೂ ತಪ್ಪುವದಿಲ್ಲವೆಂದು ನಾವು ಹೇಳುವದಿಲ್ಲ. ಸರಕಾರದ ಧ್ವನಿಯಾದರೆ ಆಳುವವರ ಹೊಗಳಿಕೆಗೆ ಬೀಳುವ ಶೋಧನೆಯುಂಟು; ಸಂಘದ ಧ್ವನಿಯಾದರೆ ಹಣ ಕೊಟ್ಟವರ ಕಡೆಗೆ ವಾಲುವ ಶೋಧನೆಯುಂಟು. ಆದದರಿಂದಲೇ ಕೇಳುವವರು ಎಚ್ಚರವಾಗಿರಬೇಕು. ಪೌಲನ ಮಾತನ್ನೇ ಬೆರೋಯದವರು ಪ್ರತಿದಿನವೂ ಶಾಸ್ತ್ರದೊಂದಿಗೆ ಹೋಲಿಸಿ ಪರೀಕ್ಷಿಸಿದರು. ಅದಕ್ಕಾಗಿ ಅವರು ಬೈಗಳನ್ನಲ್ಲ, ಹೊಗಳಿಕೆಯನ್ನು ಹೊಂದಿದರು.

7. ನಮ್ಮ ಸಭೆಗಳು ಮಾಡತಕ್ಕದ್ದು

ಮೊದಲನೆಯದು, ಕೂಡಿ ಕೇಳಿರಿ. ವಾರದಲ್ಲಿ ಒಂದು ಸಂಜೆ, ಕೃಷಿಯ ಅಥವಾ ಆರೋಗ್ಯದ ಒಂದು ಪ್ರಸಾರವನ್ನು ಆರಿಸಿಕೊಂಡು ಹತ್ತು ಹದಿನೈದು ಮಂದಿ ಕುಳಿತು ಕೇಳಿರಿ. ಒಂದು ಪೆಟ್ಟಿಗೆ ಅಥವಾ ಒಂದು ಫೋನು ಸಾಕು. ಪ್ರಸಾರವು ಮುಗಿದೊಡನೆ ಅದನ್ನು ನಿಲ್ಲಿಸಿ ಅರ್ಧ ಗಂಟೆ ವಿಚಾರಿಸಿರಿ. ಓದುಬರಹ ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಬರೆದುಕೊಳ್ಳಲಿ.

ಎರಡನೆಯದು, ಬಾಗಿಲನ್ನು ತೆರೆದಿಡಿರಿ. ದೇವಾಲಯದ ಪಡಸಾಲೆಯಲ್ಲಿ ಕೂಡುವದಾದರೆ ಅದು ನಮ್ಮವರಿಗೆ ಮಾತ್ರ ಎಂಬ ಭಾವನೆ ಬಾರದಿರಲಿ. ಹಿಂದೂ ನೆರೆಯವರನ್ನೂ ಮುಸಲ್ಮಾನ ನೆರೆಯವರನ್ನೂ ಮರ್ಯಾದೆಯಿಂದ ಕರೆಯಿರಿ. ಒಂದು ಕಾಲದಲ್ಲಿ ನಮ್ಮ ಹಿರಿಯರು ಯಾರ ಜಗಲಿಯನ್ನೋ ಏರಲಾರದೆ ನಿಂತಿದ್ದರು. ನಮ್ಮ ಜಗಲಿಯ ಹೊರಗೆ ಇಂದು ಯಾರೂ ನಿಲ್ಲಬಾರದು. ಈ ಕೂಟವು ಸುವಾರ್ತೆಯನ್ನು ಸಾರುವ ಗಾಳವೂ ಆಗಬಾರದು. ಸಾರ್ವಜನಿಕ ನಿಲಯವು ಒಂದು ಮತದ ಪೀಠವಲ್ಲ, ಹಾಗಾಗಬೇಕೆಂದು ನಾವು ಆಶಿಸಲೂ ಬಾರದು. ಗಾಯಗೊಂಡವನಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದ ಸಮಾರ್ಯದವನು ಅವನ ಕುಲವನ್ನು ಕೇಳಲಿಲ್ಲ. ನೆರೆಯವನಿಗೆ ಉಪಯೋಗವಾಗುವ ಸತ್ಯವನ್ನು ಹಂಚುವದೇ ಇಲ್ಲಿ ನಮ್ಮ ಸಾಕ್ಷಿ.

ಮೂರನೆಯದು, ಹೆಂಗಸರ ಹೊತ್ತನ್ನು ನೋಡಿರಿ. ಒಲೆಯ ಕೆಲಸದ ವೇಳೆಗೆ ಕೂಟವನ್ನಿಟ್ಟು, ಹೆಂಗಸರು ಬರುವದಿಲ್ಲವೆಂದು ದೂರುವದು ನ್ಯಾಯವಲ್ಲ. ಅವರಿಗೆ ಅನುಕೂಲವಾದ ಹೊತ್ತನ್ನು ಅವರೇ ಗೊತ್ತುಮಾಡಲಿ.

ನಾಲ್ಕನೆಯದು, ಉತ್ತರ ಬರೆಯಿರಿ. ನಿಲಯಕ್ಕೆ ಪತ್ರ ಬರೆಯಲು ಸಂಕೋಚಪಡಬೇಡಿರಿ. ಪ್ರಸಾರದಲ್ಲಿ ಯಾವದು ಉಪಯೋಗವಾಯಿತು, ಯಾವದು ಅರ್ಥವಾಗಲಿಲ್ಲ, ನಮ್ಮೂರಿನ ಯಾವ ಸಂಗತಿಯನ್ನು ಅವರು ಇನ್ನೂ ಮುಟ್ಟಿಲ್ಲ ಎಂಬದನ್ನು ಸರಳವಾಗಿ ಬರೆಯಿರಿ. ಕೇಳುಗರ ಪತ್ರವಿಲ್ಲದ ನಿಲಯವು ಕತ್ತಲೆಯಲ್ಲಿ ಬಿತ್ತುವವನಂತೆ. ಬೀಜವು ಬಂಡೆಯ ಮೇಲೆ ಬಿತ್ತೋ ಒಳ್ಳೇ ನೆಲದಲ್ಲಿ ಬಿತ್ತೋ ಅವನಿಗೆ ತಿಳಿಯದು.

ಐದನೆಯದು, ಮಾತಾಡಲು ಅಂಜಬೇಡಿರಿ. ನಿಮ್ಮ ಸೀಮೆಯಲ್ಲಿ ಸಮುದಾಯ ನಿಲಯವಿದ್ದರೆ ಅಲ್ಲಿಗೆ ಹೋಗಿರಿ. ಸೂಲಗಿತ್ತಿಯಾಗಿ ಮುಪ್ಪಾದ ಅಜ್ಜಿಗೆ, ಕುರಿಯ ರೋಗವನ್ನು ಬಲ್ಲ ಅಣ್ಣನಿಗೆ, ಹಳೆಯ ಸೋಬಾನೆ ಪದಗಳನ್ನು ಬಲ್ಲ ಅಕ್ಕನಿಗೆ ಹೇಳತಕ್ಕದ್ದು ಬಹಳವುಂಟು. ನಮ್ಮ ಆಡುಮಾತು ಒರಟೆಂದು ನಾಚಬೇಡಿರಿ. ಪೇತ್ರನ ಗಲಿಲಾಯದ ಮಾತು ಅವನನ್ನು ಅಂಗಳದಲ್ಲಿ ಗುರುತುಹಿಡಿಸಿತು. ಕರ್ತನು ಅದೇ ಬಾಯಿಯನ್ನು ಪಂಚಾಶತ್ತಮ ದಿನದಲ್ಲಿ ಉಪಯೋಗಿಸಿದನು.

ಕಡೆಯದು, ಸುಳ್ಳನ್ನು ನಿಲ್ಲಿಸಿರಿ. ಯಾರಾದರೂ ಭಯ ಹುಟ್ಟಿಸುವ ಸುದ್ದಿಯನ್ನು ತಂದರೆ, ಇದನ್ನು ಹೇಳಿದವರು ಯಾರು, ನಂಬತಕ್ಕ ನಿಲಯದಲ್ಲಿ ಬಂದಿದೆಯೋ, ಪೊಲೀಸಿನವರಿಗೆ ತಿಳಿಸಿದೆಯೋ ಎಂದು ಕೇಳಿರಿ. ನಿಮ್ಮ ಬಳಿಗೆ ಬಂದ ಸುಳ್ಳು ನಿಮ್ಮಲ್ಲಿಯೇ ಸಾಯಲಿ. ಇದರಿಂದ ಒಂದು ಜೀವ ಉಳಿದರೂ ಉಳಿದೀತು.

ಸಮಾಪ್ತಿ

1947ರ ನವೆಂಬರ್ 12ರಂದು ಮಹಾತ್ಮಾ ಗಾಂಧಿಯವರು ದಿಲ್ಲಿಯ ರೇಡಿಯೋ ನಿಲಯಕ್ಕೆ ಹೋದರು. ಕುರುಕ್ಷೇತ್ರದ ಶಿಬಿರದಲ್ಲಿ ಮನೆಮಾರು ಕಳಕೊಂಡು ಕುಳಿತಿದ್ದ ನಿರಾಶ್ರಿತರ ಬಳಿಗೆ ತಾವೇ ಹೋಗಲು ಆಗದಿದ್ದದರಿಂದ, ಅವರೊಂದಿಗೆ ಆಕಾಶದ ಮೂಲಕ ಮಾತಾಡಿದರು. ಅವರು ನಿಲಯಕ್ಕೆ ಹೋದದ್ದು ಅದೊಂದೇ ಸಾರಿ. ಆ ದಿವಸವನ್ನೇ ನಮ್ಮ ದೇಶದಲ್ಲಿ ಸಾರ್ವಜನಿಕ ಪ್ರಸಾರದ ದಿನವಾಗಿ ಆಚರಿಸುತ್ತಾರೆ. ದುಃಖದಲ್ಲಿರುವವನ ಬಳಿಗೆ ಕಾಲು ಹೋಗಲಾರದಾಗ ಧ್ವನಿಯಾದರೂ ಹೋಗಲಿ ಎಂಬದೇ ರೇಡಿಯೋವಿನ ಉತ್ತಮವಾದ ಉಪಯೋಗ. ಆದರೆ ನಮ್ಮ ಕಾಲು ಹೋಗಬಲ್ಲ ನೆರೆಮನೆಗೆ ನಾವೇ ಹೋಗಬೇಕು. ಅಲ್ಲಿಗೆ ರೇಡಿಯೋವನ್ನು ಕಳುಹಿಸಿ ನಾವು ಮನೆಯಲ್ಲಿ ಕೂರುವದು ಸಲ್ಲದು. ಕೇಳಿದ್ದನ್ನು ಹಂಚಿ, ಹಂಚಿದ್ದನ್ನು ನಡಿಸುವ ಕೃಪೆಯನ್ನು ದೇವರು ನಮ್ಮ ಎಲ್ಲಾ ಸಭೆಗಳಿಗೆ ದಯಪಾಲಿಸಲಿ.

ವಿಚಾರಿಸತಕ್ಕ ಪ್ರಶ್ನೆಗಳು

1. ನೀರುಬಾಗಲಿನ ಮುಂದೆ ಜನರು ಇಟ್ಟ ನಾಲ್ಕು ಹೆಜ್ಜೆಗಳು ಯಾವವು? ನಮ್ಮ ಸಭೆಯಲ್ಲಿ ಅವುಗಳೊಳಗೆ ಯಾವದು ಕಡಿಮೆಯಾಗಿದೆ?

2. ಕೂಟವಿದ್ದ ಹಳ್ಳಿಗೂ ಬರೇ ರೇಡಿಯೋ ಇದ್ದ ಹಳ್ಳಿಗೂ ಭೇದವಾದದ್ದು ಯಾಕೆ?

3. ನಮ್ಮ ಊರಿನಲ್ಲಿ ಇಂದು ಯಾರ ಮಾತು ಯಾರ ಕಿವಿಗೂ ಬೀಳದೆ ಇದೆ? ಅದನ್ನು ಕೇಳಿಸುವದಕ್ಕೆ ನಾವು ಏನು ಮಾಡಬಹುದು?

4. ಕಳೆದ ತಿಂಗಳಲ್ಲಿ ವಿಚಾರಿಸದೆ ಮುಂದಕ್ಕೆ ದಾಟಿಸಿದ ಸುದ್ದಿ ಯಾವದಾದರೂ ಉಂಟೋ? ಅದರಿಂದ ಯಾರಿಗೆ ಏನಾದೀತು?

5. ಮುಂದಿನ ವಾರ ಯಾವ ಪ್ರಸಾರವನ್ನು, ಯಾರ ಮನೆಯಲ್ಲಿ, ಯಾವ ಹೊತ್ತಿನಲ್ಲಿ ಕೂಡಿ ಕೇಳೋಣ? ಬರೆದುಕೊಳ್ಳುವವರು ಯಾರು? (ಇದನ್ನು ಈ ಕೂಟದಲ್ಲಿಯೇ ಗೊತ್ತುಮಾಡಿ ಏಳತಕ್ಕದ್ದು.)

ಪ್ರಾರ್ಥನೆಯ ವಿಷಯ: ಸತ್ಯವನ್ನು ಧೈರ್ಯದಿಂದ ಹೇಳುವ ಪ್ರಸಾರಕರಿಗಾಗಿ, ಸುಳ್ಳು ಸುದ್ದಿಯಿಂದ ಪ್ರಿಯರನ್ನು ಕಳಕೊಂಡ ಮನೆಗಳಿಗಾಗಿ, ತಮ್ಮ ಧ್ವನಿಯನ್ನು ಇನ್ನೂ ಯಾರೂ ಕೇಳದೆ ಇರುವವರಿಗಾಗಿ.